ಸಮೀಕರಣ ಟೈಪ್ ಮಾಡೋಣ, ಮೌಸ್ ಮುಟ್ಟದೆ

ಅಸೈನ್‌ಮೆಂಟಿನಲ್ಲಿ ಸಮೀಕರಣದ ಫೋಟೋ ತೆಗೆದು ಅಂಟಿಸಬೇಡಿ. ಪ್ರಿಂಟ್ ತೆಗೆದರೆ ಅದು ಮಸುಕಾಗುತ್ತದೆ, ಒಂದು ಚಿಹ್ನೆ ತಪ್ಪಿದರೂ ತಿದ್ದಲು ಬರುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ವರ್ಡ್‌ನಲ್ಲೇ ಟೈಪ್ ಮಾಡೋಣ ಬನ್ನಿ.

ಮೊದಲು ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಿ. ಆಲ್ಟ್ ಒತ್ತಿ ಹಿಡಿದು ಈಕ್ವಲ್ ಕೀ ಒತ್ತಿ. ಮ್ಯಾಕ್ ಆದರೆ ಕಂಟ್ರೋಲ್ ಜೊತೆ ಈಕ್ವಲ್. ಬಾಕ್ಸ್ ತೆರೆದುಕೊಂಡಿತಲ್ಲ, ಮೇಲೆ ಈಕ್ವೇಶನ್ ಟ್ಯಾಬಿನಲ್ಲಿ ಯೂನಿಕೋಡ್ ಆಯ್ಕೆ ಆಗಿದೆಯೇ ನೋಡಿಕೊಳ್ಳಿ.

ಭಿನ್ನರಾಶಿಗೆ ಸ್ಲ್ಯಾಶ್, ಘಾತಕ್ಕೆ 6ರ ಮೇಲಿರುವ ಕ್ಯಾರೆಟ್, ವರ್ಗಮೂಲಕ್ಕೆ ಬ್ಯಾಕ್‌ಸ್ಲ್ಯಾಶ್ ಹಾಕಿ ಎಸ್, ಕ್ಯೂ, ಆರ್, ಟಿ. ಪ್ರತಿ ಸಲವೂ ಕೊನೆಗೆ ಸ್ಪೇಸ್ ಬಾರ್. ನೀವು ಬರೆದ ಸಾಲು ಗಣಿತದ ರೂಪ ತಾಳುವುದು ಆ ಸ್ಪೇಸ್ ಬಿದ್ದಾಗ.

ಹೆಚ್ಚಿನ ತಪ್ಪುಗಳು ಆಗುವುದು ಆವರಣಗಳಲ್ಲಿ. 1 ಸ್ಲ್ಯಾಶ್ ಎಕ್ಸ್ ಪ್ಲಸ್ 1 ಎಂದು ಹೊಡೆದರೆ ಎಕ್ಸ್ ಮಾತ್ರ ಛೇದಕ್ಕೆ ಇಳಿಯುತ್ತದೆ, ಪ್ಲಸ್ 1 ಪಕ್ಕದಲ್ಲೇ ಉಳಿಯುತ್ತದೆ. ಲೆಕ್ಕವೇ ಬದಲಾಯಿತು! ಎಕ್ಸ್ ಪ್ಲಸ್ 1 ಅನ್ನು ಆವರಣದೊಳಗೆ ಬರೆಯಿರಿ. ಭಿನ್ನರಾಶಿ ಮೂಡಿದ ಮೇಲೆ ಆವರಣ ತಾನಾಗಿಯೇ ಮಾಯವಾಗುತ್ತದೆ. ಅದು ಕಾಣಲೇಬೇಕಿದ್ದರೆ ಎರಡೆರಡು ಹಾಕಿ.

ಸೈನ್, ಕಾಸ್ ಬರೆದ ಕೂಡಲೇ ಒಂದು ಸ್ಪೇಸ್ ಕೊಟ್ಟು, ಆಮೇಲೆ ಎಕ್ಸ್ ಬರೆಯಿರಿ. ಇಲ್ಲದಿದ್ದರೆ ಸೈನ್‌ನ ಮೂರೂ ಅಕ್ಷರ ಓರೆಯಾಗಿ, ಮೂರು ಚರಗಳ ಗುಣಲಬ್ಧದ ಹಾಗೆ ಕಾಣುತ್ತವೆ. ವಾಕ್ಯದ ನಡುವೆ ಬರುವ ಒಂಟಿ ಎಕ್ಸ್ ಅನ್ನೂ ಬಾಕ್ಸಿನೊಳಗೇ ಬರೆಯುವುದು ಒಳ್ಳೆಯದು. ಆಗ ಸಮೀಕರಣದ ಎಕ್ಸ್ ಒಂದು ರೀತಿ, ವಾಕ್ಯದ ಎಕ್ಸ್ ಇನ್ನೊಂದು ರೀತಿ ಆಗುವುದಿಲ್ಲ.

ದೊಡ್ಡದಾಗಿ ನಡುವಿನಲ್ಲಿ ನಿಂತಿದ್ದ ಸಮೀಕರಣ ಇದ್ದಕ್ಕಿದ್ದಂತೆ ಕುಗ್ಗಿ ಎಡಕ್ಕೆ ಸರಿಯಿತೇ? ಬಾಕ್ಸಿನ ಹೊರಗೆ ಪೂರ್ಣವಿರಾಮ ಇಟ್ಟಿರುತ್ತೀರಿ. ಅದೇ ಸಾಲಿನಲ್ಲಿ ಬೇರೆ ಏನೇ ಇದ್ದರೂ ವರ್ಡ್ ಸಮೀಕರಣವನ್ನು ವಾಕ್ಯದ ಭಾಗವೆಂದೇ ಎಣಿಸುತ್ತದೆ. ಚುಕ್ಕಿಯನ್ನು ಬಾಕ್ಸಿನೊಳಗೆ ತನ್ನಿ, ಸರಿಹೋಗುತ್ತದೆ.

ಸಂಖ್ಯೆ ಕೊಡಬೇಕೇ? ಹೊಸ ವರ್ಡ್‌ನಲ್ಲಿ ಸಮೀಕರಣದ ಕೊನೆಗೆ, ಬಾಕ್ಸಿನೊಳಗೇ, ಹ್ಯಾಶ್ ಚಿಹ್ನೆ ಹಾಕಿ ಆವರಣದಲ್ಲಿ 1 ಬರೆದು ಎಂಟರ್ ಒತ್ತಿ. ಸಂಖ್ಯೆ ಬಲಗಡೆ ಹೋಗಿ ನಿಲ್ಲುತ್ತದೆ. ಹೀಗೆ ಕೈಯಲ್ಲಿ ಬರೆದ ಸಂಖ್ಯೆ ಮಾತ್ರ, ನಡುವೆ ಹೊಸ ಸಮೀಕರಣ ಸೇರಿಸಿದರೆ, ತಾನಾಗಿ ಬದಲಾಗುವುದಿಲ್ಲ.

ಈಕ್ವೇಶನ್ ಬಟನ್ನೇ ಮಂಕಾಗಿದ್ದರೆ ಫೈಲು ಹಳೆಯ ಡಾಕ್ (.doc) ಮಾದರಿಯದು. ಸೇವ್ ಆ್ಯಸ್ ಕೊಟ್ಟು .docx ಮಾದರಿಗೆ ಬದಲಿಸಿ.

ಗೂಗಲ್ ಡಾಕ್ಸ್‌ನಲ್ಲಿ ಇನ್ಸರ್ಟ್ ಮೆನುವಿನಲ್ಲಿ ಈಕ್ವೇಶನ್ ಇದೆ. ಬ್ಯಾಕ್‌ಸ್ಲ್ಯಾಶ್ ಜೊತೆ ಎಫ್, ಆರ್, ಎ, ಸಿ ಬರೆದು ಸ್ಪೇಸ್ ಒತ್ತಿದರೆ ಭಿನ್ನರಾಶಿ ಬರುತ್ತದೆ. ಚಿಕ್ಕ ಹೋಮ್‌ವರ್ಕಿಗೆ ಅಷ್ಟು ಸಾಕು.

ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹತ್ತಾರು ಸಮೀಕರಣಗಳಿದ್ದು, 'ಸಮೀಕರಣ 7ರಿಂದ' ಎಂದು ಮತ್ತೆ ಮತ್ತೆ ಬರೆಯಬೇಕಾಗಿದ್ದರೆ ಲೇಟೆಕ್ (LaTeX) ಕಲಿಯಿರಿ. ಅದು ಆದೇಶಗಳನ್ನು ಟೈಪ್ ಮಾಡಿ ಪುಟ ಸಿದ್ಧಪಡಿಸುವ ತಂತ್ರಾಂಶ. ಪ್ರತಿ ಸಮೀಕರಣಕ್ಕೂ ಒಂದು ಲೇಬಲ್ ಕೊಟ್ಟು, ಬೇಕಾದ ಕಡೆ ಆ ಲೇಬಲನ್ನೇ ಕರೆದರೆ ಸಂಖ್ಯೆಗಳ ಲೆಕ್ಕವನ್ನು ಅದೇ ಇಟ್ಟುಕೊಳ್ಳುತ್ತದೆ. ಸಂಖ್ಯೆ ಬರಬೇಕಾದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ, ಇನ್ನೊಮ್ಮೆ ಕಂಪೈಲ್ ಮಾಡಿ, ಅಂದರೆ ಬರೆದದ್ದನ್ನು ಪುಟವಾಗಿಸುವ ಆದೇಶವನ್ನು ಮತ್ತೆ ಕೊಡಿ. ಆಗಲೂ ಹೋಗದಿದ್ದರೆ ಲೇಬಲಿನ ಹೆಸರಿನಲ್ಲಿ ಅಕ್ಷರ ತಪ್ಪಿದೆಯೇ ನೋಡಿ.