ಮಾತಿಗೆ ಮೊನೊ ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ. ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುವುದು ನನ್ನ ಕೆಲಸ. ಗಂಟೆಗಟ್ಟಲೆ ಇರುವ ಮಾತನ್ನು ಚಿಕ್ಕ ಫೈಲ್ ಮಾಡುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲು ಮೊನೊ ಮಾಡಿ. ಮೊನೊ ಅಂದರೆ ಎರಡು ಕಿವಿಗೂ ಒಂದೇ ದನಿ, ಸ್ಟೀರಿಯೊ ಅಂದರೆ ಎಡಕ್ಕೊಂದು ಬಲಕ್ಕೊಂದು. ಇವತ್ತು ಇದೊಂದು ನೆನಪಿಟ್ಟರೂ ಸಾಕು.

ಹೋದ ಮಳೆಗಾಲದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು. ಅವರ ತಾಯಿ ಕಥೆ ಹೇಳಿದ 90 ನಿಮಿಷದ ಕ್ಯಾಸೆಟ್ಟು. ಯಾವುದೋ ಅಂಗಡಿಯಲ್ಲಿ ಅದನ್ನು ಸಿ.ಡಿ. ಗುಣಮಟ್ಟದ, ಏನೂ ಕುಗ್ಗಿಸದ ವೇವ್ ಫೈಲ್ ಮಾಡಿಸಿದ್ದರು, ಅದೂ ಸ್ಟೀರಿಯೊದಲ್ಲಿ. 950 ಎಂ.ಬಿ.! ಪರದೇಶದಲ್ಲಿರುವ ಮಗಳಿಗೆ ಕಳಿಸಲು ಹೋದರೆ ಮೇಲೇಳಲೇ ಇಲ್ಲ. ಮೇಷ್ಟ್ರು ಬಿಡುತ್ತಾರಾ? ಕತ್ತರಿಸಿ ಮೂವತ್ತು ತುಂಡು ಮಾಡಿ ಕಳಿಸಿದರು. ತುಂಡುಗಳು ಹಿಂದುಮುಂದಾಗಿ ತಲುಪಿದವು. ಮಗಳು ಕೇಳಿದ ಕಥೆಯಲ್ಲಿ ರಾಜಕುಮಾರಿಗೆ ಮದುವೆ ಮೊದಲು ಆಯಿತು, ಅವಳು ಹುಟ್ಟಿದ್ದು ಆಮೇಲೆ!

ನಾನು ಹೆಡ್‌ಫೋನ್ ಕೊಟ್ಟೆ. ಎಡಗಿವಿಯದನ್ನು ಮಾತ್ರ ಕೇಳಿಸಿದೆ, ಆಮೇಲೆ ಬಲಗಿವಿಯದನ್ನು. “ಎರಡೂ ಒಂದೇ ಅಲ್ವಾ?” ಅಂದರು. ಒಂದೇ, ಮೇಷ್ಟ್ರೇ. ಟೇಪ್ ರೆಕಾರ್ಡರಿಗೆ ಇದ್ದಿದ್ದು ಒಂದೇ ಮೈಕು, ಅಜ್ಜಿಗೆ ಇದ್ದಿದ್ದು ಒಂದೇ ಬಾಯಿ. ಅದನ್ನೇ ಸುಮ್ನೆ ಎರಡು ಸಲ ಬರೆದಿಟ್ಟಿದ್ದರು. ಮೊನೊ ಮಾಡಿದೆ, ಅರ್ಧ ಹೋಯಿತು. ಉಳಿದಿದ್ದನ್ನು ಓಪಸ್ ಅನ್ನುವ, ದನಿ ಫೈಲನ್ನು ಕುಗ್ಗಿಸುವ ಮಾದರಿಗೆ ಬದಲಿಸಿ, ಸೆಕೆಂಡಿಗೆ 24 ಕಿಲೋಬಿಟ್‌ಗೆ ಇಳಿಸಿದೆ; ಅಂದರೆ ಒಂದು ಸೆಕೆಂಡಿನ ಮಾತಿಗೆ ಅಷ್ಟೇ ಜಾಗ. 16 ಎಂ.ಬಿ. ಆಯಿತು. ಇಡೀ ಕಥೆ, ಒಂದೇ ಫೈಲು. ನಡುವೆ ಅಜ್ಜಿ ಎಲೆಅಡಿಕೆ ಕುಟ್ಟುವ ಸದ್ದೂ ಹಾಗೇ ಉಳಿದಿದೆ.

ಓಪಸ್ ಅಂದರೆ ಹೆದರಬೇಡಿ. 2012ರಲ್ಲಿ ಬಂದ ಮಾದರಿ, ಯಾರಿಗೂ ದುಡ್ಡು ಕೊಡಬೇಕಿಲ್ಲ. ನೀವು ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸುತ್ತೀರಲ್ಲ, ಅದೂ ಓಪಸ್ಸೇ. ಹಳೇ ಕಾರಿನ ಪ್ಲೇಯರಿಗೆ ಬೇಕಿದ್ದರೆ ಎಂಪಿ3, 64 ಕಿಲೋಬಿಟ್ ಸಾಕು. ಗಂಟೆಗೆ 29 ಎಂ.ಬಿ. ಆಗುತ್ತದೆ. ಅದೂ ಮೊನೊನೇ! “ಸ್ಟೀರಿಯೊ ಇದ್ದರೆ ಕ್ಲಿಯರ್ ಆಗಿ ಕೇಳುತ್ತೆ ಸಾರ್” ಅನ್ನುವವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅದು ಹಾಡಿಗೆ ಸರಿ, ವಾದ್ಯಕ್ಕೆ ಸರಿ. ಒಬ್ಬರೇ ಕೂತು ಮಾತಾಡಿದ್ದಕ್ಕೆ ಯಾಕೆ ಸ್ವಾಮಿ? ಆಡಾಸಿಟಿ ಅಂತ ಉಚಿತ ತಂತ್ರಾಂಶ ಇದೆ. ಅದರ ಟ್ರ್ಯಾಕ್ಸ್ ಮೆನುವಿನಲ್ಲಿ ಮಿಕ್ಸ್ ಅನ್ನುವುದರೊಳಗೆ ಮೊನೊ ಸಿಗುತ್ತದೆ. ಒತ್ತಿದರೆ ಮುಗಿಯಿತು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ, ಒಂದನ್ನು ಮಾತ್ರ ಹೇಳುತ್ತೇನೆ. ಚಿಕ್ಕ ಫೈಲ್ ಮಾಡಿದ ಮೇಲೆ ಮೂಲ ಫೈಲ್ ಅಳಿಸಬೇಡಿ. ಚಿಕ್ಕದನ್ನೇ ಮತ್ತೆ ಚಿಕ್ಕದು ಮಾಡಿದರೆ ಪ್ರತಿ ಸಲವೂ ದನಿ ಸವೆಯುತ್ತದೆ. ನಮ್ಮ ಮೇಷ್ಟ್ರು ಆ 950 ಎಂ.ಬಿ.ಯನ್ನು ಪೆನ್‌ಡ್ರೈವ್‌ಗೆ ಹಾಕಿ ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ನಮಸ್ಕಾರ.