ಗುಡ್ಡಕ್ಕೆ ಹೋಗುವ ಹಿಂಡಿಗೂ ಒಂದು ಹಕ್ಕಿದೆ

ಎಲ್ಲರಿಗೂ ನಮಸ್ಕಾರ.

ಸುಗ್ಗಿ ಮುಗಿಯಿತೆಂದರೆ ನಮ್ಮ ಗದಗ ಸೀಮೆಯ ಎರೆ ಹೊಲಗಳಿಗೆ ಕುರಿ ಬರುತ್ತವೆ. ನಮ್ಮ ಹೊಲದಲ್ಲೂ ನಿಲ್ಲಿಸುತ್ತಿದ್ದೆವು. ಸಂಜೆ ಕುರಿಗಾರರು ಗೂಟ ಬಡಿದು ಸುತ್ತ ಬಲೆ ಕಟ್ಟುತ್ತಿದ್ದರು. ಮರಿಗಳಿಗೆ ಬೇರೆ ಬಲೆ. ಬೆಳಗ್ಗೆ ಎದ್ದು ನೋಡಿದರೆ ಹಿಕ್ಕೆ, ಗಂಜಲ ಸೇರಿ ಅಷ್ಟು ನೆಲ ಹಸಿಹಸಿ. ಮರುದಿನ ಬಲೆ ಪಕ್ಕಕ್ಕೆ ಸರಿಯುತ್ತಿತ್ತು. ಹೀಗೇ ಸರಿಯುತ್ತಾ ಹೊಲವೆಲ್ಲ ಗೊಬ್ಬರ. ಅದಕ್ಕೆ ಅಪ್ಪ ಜೋಳ ಅಳೆದು ಕೊಡುತ್ತಿದ್ದರು. ಅದು ದಾನ ಅಲ್ಲ, ದುಡಿಮೆಯ ಬೆಲೆ.

ಮಳೆ ಹಿಡಿದರೆ ಇದೇ ಎರೆಮಣ್ಣು ಅಂಟು. ಗೊರಸಿನ ಸಂದಿಯಲ್ಲಿ ಕೆಸರು ಸಿಕ್ಕಿ ಹುಣ್ಣಾಗಿ ಕುರಿ ಕುಂಟುತ್ತದೆ. ಬಿತ್ತಿದ ಹೊಲಕ್ಕಂತೂ ಕಾಲಿಡುವಂತಿಲ್ಲ. ಆಗ ಕೆಂಪು ಮಣ್ಣಿನ ಮಸಾರಿ ನೆಲ ಬೇಕು, ಗುಡ್ಡ ಬೇಕು, ಊರ ದನಕುರಿ ಮೇಯಲು ಬಿಟ್ಟ ಗಾಯರಾಣ ಬೇಕು. 'ಒಂದೂರಲ್ಲಿ ನಿಲ್ಲಬಾರದಾ?' ಅಂತ ಸುಮ್ನೆ ಕೇಳುತ್ತೇವೆ. ನಿಂತರೆ ಕುರಿ ಉಳಿಯಲ್ಲ.

ಗಾಯರಾಣದ ಕಥೆ ನಿಮಗೆ ಗೊತ್ತೇ ಇದೆ. ಉಳುಮೆ, ಸೈಟು, ಕಟ್ಟಡ ಅಂತ ಕರಗುತ್ತಾ ಬಂದಿದೆ. ಉಳಿದದ್ದು ಗುಡ್ಡ. ನಮ್ಮ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಗುಡ್ಡ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುರಿ ಕಾಯುವವರನ್ನು ಗುಡ್ಡದ ವೈರಿ ಅಂತ ನೋಡಬಾರದು.

2006ರ ಅರಣ್ಯ ಹಕ್ಕು ಕಾಯ್ದೆ ಅಲೆಮಾರಿ ಪಶುಪಾಲಕರ ಮೇಯಿಸುವ ಹಕ್ಕನ್ನು ಹೆಸರು ಹಿಡಿದೇ ಹೇಳುತ್ತದೆ. ತೊಡಕಿರುವುದು ಪುರಾವೆಯಲ್ಲಿ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನೇ ನಂಬಿದ್ದೆವು ಅಂತ ತೋರಿಸಬೇಕು. ನಮ್ಮ ಭಾಗದ ಕುರುಬರು ಪಂಗಡದ ಪಟ್ಟಿಯಲ್ಲಿಲ್ಲ. ವರ್ಷದಲ್ಲಿ ಎಷ್ಟೋ ತಿಂಗಳು ನಡೆದೇ ಕಳೆಯುವವರು ಯಾವ ಕಾಗದ ತರಬೇಕು ಹೇಳಿ?

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಆ ಕಾಯ್ದೆಯ ನಿಯಮಗಳಲ್ಲಿ ಎರಡು ಮಾತಿವೆ, ಅವು ನನಗೆ ತುಂಬಾ ದೊಡ್ಡವು. ಪಶುಪಾಲಕರ ಅರ್ಜಿಯನ್ನು ಅವರೋ ಅವರ ಪ್ರತಿನಿಧಿಯೋ ಹಾಜರಿದ್ದಾಗಲೇ ಪರಿಶೀಲಿಸಬೇಕು. ಅಂದಮೇಲೆ ಹಿಂಡು ದೂರದ ಸೀಮೆಯಲ್ಲಿದ್ದಾಗ ಗ್ರಾಮಸಭೆ ಕರೆದು 'ಯಾರೂ ಬರಲಿಲ್ಲ' ಅಂತ ಬರೆಯುವುದು ತಪ್ಪು. ಸಭೆಯ ದಿನ ಅವರ ತಿರುಗಾಟ ನೋಡಿಕೊಂಡು ಗೊತ್ತುಮಾಡಿ ಅಂತ ನಾವು ಪಂಚಾಯಿತಿಯಲ್ಲಿ ಕೇಳಬೇಕು.

ಇನ್ನೊಂದು, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. ಆ ಹಿರಿಯರು ಯಾರು? ಇಲ್ಲಿ ಕೂತಿದ್ದೀರಲ್ಲ, ನೀವೇ. ಗುಡ್ಡದ ಯಾವ ಕಣಿವೆಗೆ ಹಿಂಡು ಏರುತ್ತಿತ್ತು, ಯಾವ ಹಳ್ಳದಲ್ಲಿ ನೀರು ಕುಡಿಸುತ್ತಿದ್ದರು, ನಿಮಗೆ ಗೊತ್ತು. ನಮ್ಮ ಅವ್ವ ತಾನು ಮದುವೆಯಾಗಿ ಬಂದ ವರ್ಷ ಹೊಲಕ್ಕೆ ಬಂದಿದ್ದ ಕುರಿಗಾರ ಕಾಕಾನ ಹೆಸರು, ಅವನ ಮಕ್ಕಳ ಹೆಸರು ಇವತ್ತಿಗೂ ಹೇಳುತ್ತಾಳೆ. ಮುಂದಿನ ಗ್ರಾಮಸಭೆಗೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದೇನೆ. ನಿಮ್ಮ ಮನೆಯ ಅಜ್ಜ, ಅಜ್ಜಿಯರನ್ನೂ ಕರೆತನ್ನಿ.