ಸಾರ್ವೆ ಕಟ್ಟಿರುವಾಗಲೇ ಹೋಗಿ ನೋಡಿ

ಸಾಲಲ್ಲಿ ನಿಂತು, ಟಿಕೆಟ್ ತಗೊಂಡು, ಕೊನೆಗೂ ಆ ಜಗತ್ಪ್ರಸಿದ್ಧ ಕಟ್ಟಡದ ಮುಂದೆ ಬಂದು ನಿಲ್ತೀರಿ. ನೋಡಿದ್ರೆ ಅರ್ಧ ಗೋಡೆಗೆ ಸಾರ್ವೆ ಕಟ್ಟಿದೆ, ಪಕ್ಕದಲ್ಲಿ ಕ್ರೇನ್ ನಿಂತಿದೆ. 'ಛೆ, ಫೋಟೊ ಹಾಳಾಯ್ತು' ಅನ್ನಿಸುತ್ತೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ. ಕೆಲಸ ನಡೀತಿರೋ ಹೊತ್ತಿಗೆ ಹೋದೋರೇ ಪುಣ್ಯವಂತರು. ಸ್ಮಾರಕಗಳು ತಾವಾಗೇ ಉಳಿದು ಬಂದಿಲ್ಲ, ಯಾರೋ ಉಳಿಸ್ಕೊಂಡು ಬಂದಿದ್ದಾರೆ. ಅದು ಕಣ್ಣಿಗೆ ಕಾಣೋದು ಆಗ ಮಾತ್ರ.

ಅಥೆನ್ಸ್‌ನ ಪಾರ್ಥೆನಾನ್ ತಗೊಳ್ಳಿ. ಕ್ರಿ.ಪೂ. 447ರಲ್ಲಿ ಕಟ್ಟೋಕೆ ಶುರು ಮಾಡಿದ ದೇಗುಲ. ಅದು ಹೀಗೆ ಪಾಳು ಬಿದ್ದಿರೋದಕ್ಕೆ ಬರೀ ವಯಸ್ಸು ಕಾರಣ ಅಂತ ಅಂದುಕೊಳ್ಳೋರು ಬಹಳ. 1687ರಲ್ಲಿ ಒಟ್ಟೊಮನ್ ಸೇನೆ ಅದರೊಳಗೆ ಸಿಡಿಮದ್ದು ತುಂಬಿಟ್ಟಿತ್ತು, ಮುತ್ತಿಗೆ ಹಾಕಿದ್ದ ವೆನಿಸ್ ಸೇನೆಯ ಗುಂಡು ಬಂದು ಅಲ್ಲೇ ಬಿತ್ತು. ಕಟ್ಟಡ ಒಳಗಿಂದಲೇ ಸಿಡಿದುಹೋಯ್ತು.

ಆದ್ರೆ ಆ ಸ್ಫೋಟಕ್ಕಿಂತ ನನ್ನನ್ನ ಹೆಚ್ಚು ಕಾಡೋದು ಆಮೇಲೆ ನಡೆದ ರಿಪೇರಿ. ಹಳೇ ಗ್ರೀಕರು ಕಲ್ಲಿಗೆ ಕಲ್ಲು ಕೂಡಿಸೋಕೆ ಕಬ್ಬಿಣದ ಕೊಂಡಿ ಹಾಕ್ತಿದ್ರು, ಅದರ ಸುತ್ತ ಸೀಸ ಕರಗಿಸಿ ಹುಯ್ತಿದ್ರು. ನೀರು, ಗಾಳಿ ಕಬ್ಬಿಣಕ್ಕೆ ತಾಗ್ತಾನೇ ಇರಲಿಲ್ಲ. 20ನೇ ಶತಮಾನದ ಮೊದಲ ಭಾಗದಲ್ಲಿ ನಿಕೊಲಾಸ್ ಬಲಾನೋಸ್ ಅನ್ನೋ ಎಂಜಿನಿಯರ್ ಬಿದ್ದ ಕಂಬಗಳನ್ನ ಎತ್ತಿ ನಿಲ್ಲಿಸಿದ್ರು. ಅವರೂ ಕಬ್ಬಿಣವನ್ನೇ ಬಳಸಿದ್ರು, ಸೀಸದ ಹೊದಿಕೆ ಮಾತ್ರ ಹಾಕಲಿಲ್ಲ. ಕಬ್ಬಿಣ ತುಕ್ಕು ಹಿಡಿದ್ರೆ ಊದಿಕೊಳ್ಳುತ್ತೆ. ಒಳಗಿಂದ ಊದ್ತಾ ಊದ್ತಾ, ಎರಡು ಸಾವಿರ ವರ್ಷ ಗಟ್ಟಿಯಾಗಿದ್ದ ಅಮೃತಶಿಲೆ ಸೀಳಿಹೋಯ್ತು. ಪ್ರೀತಿಯಿಂದಲೇ ಮಾಡಿದ ಕೆಲಸ ಅದು. ಪ್ರೀತಿ ಇದ್ದ ಮಾತ್ರಕ್ಕೆ ಸಾಲಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

1975ರಲ್ಲಿ ಇದಕ್ಕಂತಲೇ ಒಂದು ಸಮಿತಿ ಆಯ್ತು. ಅಂದಿನಿಂದ ಅಲ್ಲಿನ ಕುಶಲಕರ್ಮಿಗಳು ಆ ಕಲ್ಲುಗಳನ್ನ ಒಂದೊಂದಾಗಿ ಇಳಿಸಿ, ತುಕ್ಕು ಹಿಡಿದ ಕಬ್ಬಿಣ ಕಿತ್ತು, ತುಕ್ಕೇ ಹಿಡಿಯದ ಟೈಟಾನಿಯಂ ಹಾಕಿ, ತಪ್ಪು ಜಾಗದಲ್ಲಿ ಕೂತಿದ್ದ ತುಂಡುಗಳನ್ನ ಅವುಗಳ ಸ್ವಂತ ಜಾಗಕ್ಕೆ ಸೇರಿಸ್ತಿದ್ದಾರೆ. ಕಲ್ಲು ಕಮ್ಮಿ ಬಿದ್ದ ಕಡೆ ಹಳೇ ಕಲ್ಲು ಬಂದ ಅದೇ ಪೆಂಟೆಲಿ ಬೆಟ್ಟದ ಹೊಸ ಅಮೃತಶಿಲೆ. ಹಳೇದರ ಪಕ್ಕ ಅದು ಬೆಳ್ಳಗೆ ಎದ್ದು ಕಾಣುತ್ತೆ, ಅದನ್ನ ಮುಚ್ಚಿಡೋ ಪ್ರಯತ್ನವನ್ನೂ ಅವರು ಮಾಡಿಲ್ಲ. ಸಂರಕ್ಷಣೆ ಅಂದ್ರೆ ನನ್ನ ಪ್ರಕಾರ ಇದೇ. ಹೊಸದು ಯಾವುದು, ಹಳೇದು ಯಾವುದು ಗೊತ್ತಾಗ್ಬೇಕು. ನಾಳೆ ಇನ್ನೂ ಒಳ್ಳೇ ದಾರಿ ಸಿಕ್ಕಿದ್ರೆ ಇವತ್ತಿನ ಕೆಲಸವನ್ನ ಬಿಚ್ಚೋಕೂ ಬರ್ಬೇಕು.

ಇಟಲಿಯ ವಾಲಿದ ಪೀಸಾ ಗೋಪುರದಲ್ಲೂ ಇಂಥದ್ದೇ ಆಯ್ತು. 1934ರಲ್ಲಿ ಬುಡಕ್ಕೆ ಸಿಮೆಂಟ್ ತುಂಬಿಸಿದ್ರು, ಗೋಪುರ ಇನ್ನಷ್ಟು ವಾಲ್ತು. 1990ರಲ್ಲಿ ಬಾಗಿಲು ಮುಚ್ಚಿ, ಆಮೇಲೆ ಎತ್ತರದ ಬದಿಯ ಬುಡದಿಂದ ಸ್ವಲ್ಪಸ್ವಲ್ಪವೇ ಮಣ್ಣು ತೆಗೆದ್ರು. 2001ರಲ್ಲಿ ಮತ್ತೆ ತೆರೆಯೋ ಹೊತ್ತಿಗೆ ಗೋಪುರದ ತುದಿ 40 ಸೆಂಟಿಮೀಟರ್‌ಗೂ ಹೆಚ್ಚು ಹಿಂದಕ್ಕೆ ಬಂದಿತ್ತು. ಪೂರ್ತಿ ನೆಟ್ಟಗೆ ಮಾಡೋ ಗೋಜಿಗೆ ಹೋಗಲಿಲ್ಲ. ಆ ಸಂಯಮ ನನಗೆ ತುಂಬಾ ಇಷ್ಟ.

'ಇಷ್ಟೆಲ್ಲ ಬದಲಾಯಿಸಿದ್ರೆ ಅದು ಅಸಲಿ ಹೇಗಾಗುತ್ತೆ?' ಅಂತ ಕೇಳೋರಿದ್ದಾರೆ. ಅವರು ಮಾಲಿ ದೇಶದ ಜೆನ್ನೆ ಮಸೀದಿ ನೋಡ್ಬೇಕು. ಈಗಿರೋ ಕಟ್ಟಡ 1907ರದ್ದು, ಎಲ್ಲಾ ಮಣ್ಣು. ಮಳೆಗೆ ಮೆತ್ತಿದ ಮಣ್ಣು ಕರಗುತ್ತೆ, ಅದಕ್ಕೇ ವರ್ಷವರ್ಷ ಊರಿಗೆ ಊರೇ ಸೇರಿ ಹೊಸದಾಗಿ ಮೆತ್ತುತ್ತೆ. ಗೋಡೆಯಿಂದ ಹೊರಗೆ ಚಾಚಿರೋ ತಾಳೆಮರದ ತೊಲೆಗಳನ್ನ ನೀವು ಫೋಟೊದಲ್ಲಿ ನೋಡಿರ್ತೀರಿ. ಅಂದಕ್ಕಷ್ಟೇ ಅಲ್ಲ ಅವು. ಮೆತ್ತೋರು ಹತ್ತಿ ನಿಲ್ಲೋದೇ ಅವುಗಳ ಮೇಲೆ. ರಿಪೇರಿ ಬಂದೇ ಬರುತ್ತೆ ಅಂತ ಕಟ್ಟುವಾಗಲೇ ಲೆಕ್ಕ ಹಾಕಿಟ್ಟ ಕಟ್ಟಡ ಅದು. ಅದರ ಮೇಲ್ಮೈ ವರ್ಷಕ್ಕೊಮ್ಮೆ ಹೊಸದು, ಹಾಗಂತ ಅದನ್ನ ನಕಲಿ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?

ನನ್ನ ಬೇಡಿಕೆ ಒಂದೇ. ಪ್ಯಾರಿಸ್‌ನ ನೋತ್ರ್ ದಾಮ್ 2019ರಲ್ಲಿ ಸುಟ್ಟ ಮೇಲೆ, ರಿಪೇರಿ ಕೆಲಸ ನಡೀತಿರುವಾಗಲೇ ಚರ್ಚಿನ ಮುಂದಿನ ಚೌಕದ ಕೆಳಗೆ ಪ್ರದರ್ಶನ ಇಟ್ಟು, ಯಾರು ಏನು ಮಾಡ್ತಿದ್ದಾರೆ ಅಂತ ಜನಕ್ಕೆ ತೋರಿಸಿದ್ರು. ಛಾವಣಿಯ ಓಕ್ ತೊಲೆಗಳನ್ನ ಬಡಗಿಗಳು ಕೊಡಲಿ ಹಿಡಿದು ಕೈಯಲ್ಲೇ ಕೆತ್ತಿದ್ದು ಜಗತ್ತಿಗೆಲ್ಲ ಗೊತ್ತಾಯ್ತು. ಪ್ರತಿ ದೊಡ್ಡ ಸ್ಮಾರಕದಲ್ಲೂ ಇದು ಆಗ್ಬೇಕು. ರಾಜನ ಹೆಸರಿರೋ ಫಲಕದ ಪಕ್ಕದಲ್ಲೇ ಇನ್ನೊಂದು ಫಲಕ ಇರಲಿ, ಯಾವ ವರ್ಷ ಏನು ಕೆಟ್ಟಿತ್ತು, ಯಾರು ಹೇಗೆ ಸರಿ ಮಾಡಿದ್ರು ಅಂತ ಅದರಲ್ಲಿ ಬರೆದಿರಲಿ.